ಎಡಗಡೆ ಕೂರುವವಳಿಗೆ

ಸೆಂಟರ್ ಸ್ಪೀಕರ್ ಮೊದಲೋ ಸಬ್‌ವೂಫರ್ ಮೊದಲೋ ಎಂಬುದು ಎರಡು ತಿಂಗಳಾದರೂ ತೀರ್ಮಾನವಾಗಿರಲಿಲ್ಲ. ಪ್ರೇಮ್‌ಕುಮಾರ್ ಅದನ್ನೇ ಕಾರ್ಖಾನೆಯ ಬಸ್ಸಿನಲ್ಲಿ ಯೋಚಿಸುತ್ತಿದ್ದ, ಬಚ್ಚಲಲ್ಲಿ ಯೋಚಿಸುತ್ತಿದ್ದ, ಕುಕ್ಕರ್ ಎಷ್ಟು ಸಲ ಕೂಗಿತೆಂಬುದನ್ನು ಮರೆತು ಅನ್ನ ಅಂಟಾಗುವವರೆಗೂ ಯೋಚಿಸುತ್ತಿದ್ದ. ಸಾಕು ಮಾಡು ಎನ್ನಲು ಮನೆಯಲ್ಲಿ ಇನ್ನೊಬ್ಬರು ಇರಲಿಲ್ಲ. ಹೆಂಡತಿ ಕವನ ಹೆರಿಗೆಗೆಂದು ಹೆಮ್ಮಿಗೆಯ ತವರಿಗೆ ಹೋಗಿ ಏಳು ತಿಂಗಳಾಗಿತ್ತು. ಹೆಣ್ಣು ಮಗು ಹುಟ್ಟಿ ಐದನೇ ತಿಂಗಳು ನಡೆಯುತ್ತಿತ್ತು.

ಅವರದು ನಂಜನಗೂಡಿನಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಒಂದು ಹಜಾರ, ಅದರ ಮೂಲೆಯಲ್ಲೇ ಅಡಿಗೆ, ಒಳಗೊಂದು ಕೋಣೆ. ಕೋಣೆಯಲ್ಲಿ ಟೀವಿ, ಅದರ ಎರಡು ಪಕ್ಕ ಎರಡು ಸ್ಪೀಕರ್, ಕೆಳಗೆ ಅವನ್ನು ನುಡಿಸುವ ರಿಸೀವರ್ ಎಂಬ ಕರಿ ಪೆಟ್ಟಿಗೆ. ರಿಸೀವರ್ ಸೆಕೆಂಡ್ ಹ್ಯಾಂಡ್, ಸ್ಪೀಕರ್ ಹೊಸದು. ಎರಡು ವರ್ಷದಲ್ಲಿ ಒಂದೊಂದಾಗಿ ತಂದದ್ದು. ಪ್ರೇಮ್ ಅದನ್ನು ಹೋಂ ಥಿಯೇಟರ್ ಎನ್ನುತ್ತಿದ್ದ. ಕವನ ರೂಮು ಎನ್ನುತ್ತಿದ್ದಳು. ಅವನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಕ್ರಿಕೆಟ್ಟೂ ಇಲ್ಲ. ಇದೊಂದೇ.

ಗೋಡೆಗೆ ಒರಗಿಸಿ ಹಾಕಿದ ಹಾಸಿಗೆಯ ಮೇಲೆ ಇಬ್ಬರೂ ಕೂತು ಸಿನಿಮಾ ನೋಡುತ್ತಿದ್ದರು. ಅವನು ಸರಿಯಾಗಿ ನಡುವೆ. ಅವಳು ಎಡತುದಿಯಲ್ಲಿ, ಬಾಗಿಲ ಪಕ್ಕ. ಒಲೆಯ ಮೇಲಿಟ್ಟದ್ದನ್ನು ನೋಡಲು ಎದ್ದು ಹೋಗಬೇಕಲ್ಲ. ಎರಡೇ ಸ್ಪೀಕರ್ ಇದ್ದಾಗ ನಡುವೆ ಕೂತವನಿಗೆ ಮಾತೆಲ್ಲ ಟೀವಿಯ ಒಳಗಿನಿಂದಲೇ ಬಂದಂತೆ ಕೇಳುತ್ತದೆ. ಒಂದು ಮೊಳ ಪಕ್ಕಕ್ಕೆ ಸರಿದರೆ ಅದು ಕೆಡುತ್ತದೆ. ಹತ್ತಿರದ ಸ್ಪೀಕರೇ ಎಲ್ಲರ ಮಾತನ್ನೂ ಆಡುತ್ತದೆ. ಒಂದು ದಿನ ಕವನ ಕೇಳಿದ್ದಳು:

"ಇದೇನು, ಎಲ್ರೂ ನನ್ ಪಕ್ಕದ ಡಬ್ಬದೊಳಗೇ ಕೂತ್ಕಂಡು ಮಾತಾಡ್ತಾವ್ರಲ್ಲ?"

ನಡುವೆ ಕೂತರೆ ಸರಿಹೋಗುತ್ತದೆ ಎಂದು ಪ್ರೇಮ್ ಹೇಳಿದ.

"ನಡೂಕೆ ನೀನ್ ಕೂತಿದ್ದೀಯಲ್ಲ."

ಅವನು ನಕ್ಕಿದ್ದ. ಜಾಗ ಬಿಟ್ಟಿರಲಿಲ್ಲ. ರಿಸೀವರ್ ಜೊತೆ ಒಂದು ಪುಟ್ಟ ಮೈಕು ಬರುತ್ತದೆ. ಅದನ್ನು ಕೇಳುವವರ ತಲೆ ಇರುವ ಕಡೆ ಇಟ್ಟರೆ ರಿಸೀವರ್ ತಾನೇ ಸದ್ದು ಹೊರಡಿಸಿ, ತಾನೇ ಕೇಳಿಸಿಕೊಂಡು, ಎಲ್ಲವನ್ನೂ ಆ ಜಾಗಕ್ಕೆ ಹೊಂದಿಸಿಕೊಳ್ಳುತ್ತದೆ. ಎಂಟು ಜಾಗದವರೆಗೆ ಅಳೆಯಬಹುದು ಎಂದು ಪುಸ್ತಕದಲ್ಲಿತ್ತು. ಪ್ರೇಮ್ ಒಂದೇ ಜಾಗದಲ್ಲಿ ಇಟ್ಟು ಅಳೆಸಿದ್ದ, ತನ್ನ ತಲೆಯ ಜಾಗದಲ್ಲಿ.

ಸೆಂಟರ್ ಸ್ಪೀಕರ್ ಎಂಬುದು ಟೀವಿಯ ಕೆಳಗೆ ಅಡ್ಡಡ್ಡ ಇಡುವಂಥದು. ಮಾತನ್ನೆಲ್ಲ ಅದೇ ಆಡುವುದರಿಂದ ಯಾರು ಎಲ್ಲಿ ಕೂತರೂ ದನಿ ತೆರೆಯಿಂದಲೇ ಬರುತ್ತದೆ. ಸಬ್‌ವೂಫರ್ ನೆಲಕ್ಕಿಡುವ ದೊಡ್ಡ ಪೆಟ್ಟಿಗೆ. ಗುಡುಗು, ಲಾರಿ, ಸ್ಫೋಟ ಇಂಥವನ್ನು ಎದೆಗೆ ಮುಟ್ಟಿಸುತ್ತದೆ. ಈ ಸಲ ಎರಡರಲ್ಲಿ ಒಂದು ತರಬಹುದು. ಇನ್ನೊಂದು ಮುಂದಿನ ವರ್ಷದ ಮಾತು.

ಅವನ ಜೊತೆ ಅದೇ ಪಾಳಿಯಲ್ಲಿ ಕೆಲಸ ಮಾಡುವ ನಾಗೇಂದ್ರನಿಗೂ ಇದೇ ಹುಚ್ಚಿತ್ತು. ಊಟದ ಬಿಡುವಿನಲ್ಲಿ ಇಬ್ಬರೂ ಇದನ್ನೇ ಮಾತಾಡುತ್ತಿದ್ದರು. ನಾಗೇಂದ್ರನ ಲೆಕ್ಕ ಸರಳವಾಗಿತ್ತು.

"ನಡೂಕೆ ಕೂರೋನು ಒಬ್ನೇ ಇದ್ರೆ ಸೆಂಟರ್ ಯಾಕ್ಲಾ? ಸಬ್ ತಕೋ. ಎದೆ ಅದುರ್ಬೇಕು."

"ಕವನ ಎಡಗಡೆ ಕೂರ್ತಾಳೆ."

"ಕೂರ್ತಿದ್ಳು ಅನ್ನು. ಬಂದ್ಮೇಲೆ ನೋಡ್ಕಳುವಂತೆ."

ತಮಾಷೆಗೆ ಹೇಳಿದ ಮಾತು. ಆದರೆ ಅದರಲ್ಲಿ ತಪ್ಪು ಹುಡುಕಲು ಪ್ರೇಮ್‌ಗೆ ಆಗಲಿಲ್ಲ. ಒಬ್ಬನಿಗೆ ಸೆಂಟರ್ ಬೇಕಿಲ್ಲ. ಸಬ್‌ವೂಫರ್ ತಂದರೆ ಮನೆಯಲ್ಲಿ ಒಬ್ಬನೇ ಇದ್ದೇನೆ ಎಂದು ಒಪ್ಪಿಕೊಂಡ ಹಾಗೆ. ಅವಳು ಯಾವಾಗ ಬರುತ್ತಾಳೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಬಾಣಂತನ ಮುಗಿದ ಮೇಲೆ ಅತ್ತೆ ಮಾವ ಇಂಥ ದಿನ ಕಳಿಸುತ್ತೇವೆ ಎಂದು ಹೇಳುತ್ತಾರೆ, ಹೋಗಿ ಕರೆದುಕೊಂಡು ಬರುವುದು ಎಂದುಕೊಂಡಿದ್ದ. ಅವರು ಹೇಳಿರಲಿಲ್ಲ. ಮೂರು ತಿಂಗಳಾದಾಗ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ. ಕೇಳಿದರೆ ಆತುರಗಾರ ಎಂದುಕೊಂಡಾರು ಎಂದು ಅವನು ಸುಮ್ಮನಿದ್ದ.

ಒಂದು ಬುಧವಾರ ಬೆಳಗಿನ ಪಾಳಿ ಮುಗಿಸಿ ಮನೆಗೆ ಬಂದವನು, ಯಾವತ್ತೋ ಅರ್ಧ ನೋಡಿ ಬಿಟ್ಟಿದ್ದ ಸಿನಿಮಾ ಹಾಕಿ, ಹಾಸಿಗೆಯ ಎಡತುದಿಗೆ ಹೋಗಿ ಕೂತ. ಗಂಡ, ಹೆಂಡತಿ, ಪೊಲೀಸು, ಎಲ್ಲರೂ ಎಡಗಡೆಯ ಪೆಟ್ಟಿಗೆಯಿಂದಲೇ ಮಾತಾಡಿದರು. ತೆರೆಯ ಮೇಲೆ ಬಲಗಡೆ ನಿಂತಿದ್ದ ಮುದುಕಿ ಬಾಯಿ ಆಡಿಸಿದಳು. ಅವಳ ಮಾತು ಎಡಗಡೆ ಬಂತು. ಹತ್ತು ನಿಮಿಷದಲ್ಲಿ ತಲೆನೋವು ಬಂತು. ಇಲ್ಲಿ ಕೂತು ಅವಳು ಎರಡು ವರ್ಷ ಸಿನಿಮಾ ನೋಡಿದ್ದಳು. ಪ್ರತಿ ಸಲವೂ ಕೊನೆಯಲ್ಲಿ, ಹೇಗಿತ್ತು ಸೌಂಡು ಎಂದು ಅವನು ಕೇಳುತ್ತಿದ್ದ. ಚೆನ್ನಾಗಿತ್ತು ಎನ್ನುತ್ತಿದ್ದಳು. ಅವನು ಟೀವಿ ಆರಿಸಿ ಅಲ್ಲೇ ಕೂತ. ಗೋಡೆಯಲ್ಲಿ, ಅವಳ ತಲೆ ಒರಗುತ್ತಿದ್ದ ಕಡೆ, ಎಣ್ಣೆಯ ಕಲೆಯಿತ್ತು. ತೆಂಗಿನೆಣ್ಣೆ. ಮೂಗು ಹಚ್ಚಿದರೆ ಎಣ್ಣೆಯ ವಾಸನೆ ಬರಲಿಲ್ಲ, ಸುಣ್ಣದ ವಾಸನೆ ಬಂತು.

ಸೆಂಟರ್ ತರುವುದೆಂದು ಆ ದಿನ ಗಟ್ಟಿಯಾಯಿತು.

ಅವನ ಸ್ಪೀಕರ್‌ಗಳಿಗೆ ಜೋಡಿಯಾಗುವ ಸೆಂಟರ್ ಈಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಸ್ಪೀಕರ್ ಹುಚ್ಚಿನವರ ಒಂದು ವಾಟ್ಸಾಪ್ ಗುಂಪಿನಲ್ಲಿ ಹಾಕಿದ. ಎರಡು ದಿನದಲ್ಲಿ ಟಿ. ನರಸೀಪುರದಿಂದ ಶಿವಸ್ವಾಮಿ ಎಂಬುವವರು ಫೋಟೋ ಕಳಿಸಿದರು. ಅದೇ ಕಂಪನಿ, ಅದೇ ಮಾದರಿ, ಡಬ್ಬದ ಸಮೇತ. ಭಾನುವಾರ ಬನ್ನಿ ಎಂದರು. ನರಸೀಪುರದಿಂದ ಹೆಮ್ಮಿಗೆ ಆಟೋದಲ್ಲಿ ಹೋಗುವಷ್ಟೇ ದೂರ. ಹಾಗೇ ಹೋಗಿ ಹೆಂಡತಿ ಮಗುವನ್ನೂ ನೋಡಿಕೊಂಡು ಬರಬಹುದು. ಅವನು ಆ ಹೊತ್ತಿನಲ್ಲಿ ಯೋಚಿಸಿದ್ದು ಈ ಕ್ರಮದಲ್ಲೇ.

ಶನಿವಾರ ಕವನಳಿಗೆ ಫೋನ್ ಮಾಡಿ, ನಾಳೆ ಬರ್ತೀನಿ, ಒಂದು ಸಾಮಾನು ತರ್ತೀನಿ ಎಂದ. ಏನು ಎಂದು ಹೇಳಲಿಲ್ಲ. ಅವಳ ಫೋನಿನ ಸುತ್ತ ಯಾವಾಗಲೂ ಅವಳ ಅವ್ವ ಇರುತ್ತಿದ್ದಳು. ಕವನ, ಅತ್ತೆ ಬದುಕಿದ್ದಿದ್ರೆ ಇಷ್ಟೊತ್ತಿಗೆ ಬಂದು ಹೋಗಿರೋರು ಎಂದಳು. ಅವನ ತಾಯಿ ತೀರಿಕೊಂಡು ಮೂರು ವರ್ಷವಾಗಿತ್ತು. ಮಗು ನೋಡುವುದಕ್ಕೆ ತನ್ನ ಅವ್ವ ಇರಬೇಕಿತ್ತು ಎಂಬ ಅರ್ಥದಲ್ಲಿ ಹೇಳಿದಳೆಂದು ಪ್ರೇಮ್ ತಿಳಿದ. ಹೌದು ಎಂದ. ಅವಳು ಇನ್ನೊಮ್ಮೆ ಅದನ್ನೇ ಹೇಳಿದಳು. ಅವನು ಇನ್ನೊಮ್ಮೆ ಹೌದು ಎಂದ.

ಶಿವಸ್ವಾಮಿ ನರಸೀಪುರದಲ್ಲಿ ಹಾಲಿನ ಸೊಸೈಟಿಯ ಸೆಕ್ರೆಟರಿ. ದೊಡ್ಡ ಮನೆ, ದೊಡ್ಡ ಹಾಲು, ಗೋಡೆಗೆಲ್ಲ ಸ್ಪೀಕರ್ ತೂಗು ಹಾಕಿದ್ದರು. ಎಲ್ಲ ಮಾರಿ ಟೀವಿಯ ಕೆಳಗೆ ಒಂದು ಉದ್ದನೆಯ ಸೌಂಡ್‌ಬಾರ್ ಇಟ್ಟುಕೊಳ್ಳುತ್ತಾರಂತೆ. ಯಾಕೆ ಸಾರ್ ಎಂದು ಪ್ರೇಮ್ ಕೇಳಿದ್ದಕ್ಕೆ, ಕೂರೋರು ಯಾರಪ್ಪ ಎಂದರು. ಮಗಳು ಒಂದು ಫೋನು, ಮಗ ಒಂದು ಫೋನು, ಹೆಂಡತಿ ಅಡಿಗೆಮನೆಯಲ್ಲಿ ಇನ್ನೊಂದು. ಯಾವ ಊರು, ಯಾರ ಪೈಕಿ ಎಂದು ವಿಚಾರಿಸಿದರು. ಪ್ರೇಮ್ ಹೇಳಿದ. ಕಾಫಿ ಬಂತು. ಅವರಿಗೆ ಸ್ಟೀಲ್ ಲೋಟದಲ್ಲಿ, ಅವನಿಗೆ ಪೇಪರ್ ಲೋಟದಲ್ಲಿ. ಅವನು ಕುಡಿದು, ಲೋಟ ಹಿಸುಕಿ, ತಾನೇ ಹೊರಗೆ ಎಸೆದು ಬಂದ. ಸ್ಪೀಕರ್ ಚೆನ್ನಾಗಿತ್ತು. ಒಂದು ಹೆಂಗಸಿನ ಮಾತನ್ನು ಅದರಲ್ಲಿ ಹಾಕಿಸಿ, ಕೋಣೆಯ ಆ ಮೂಲೆ ಈ ಮೂಲೆಗೆ ಓಡಾಡಿ ಕೇಳಿದ. ಎಲ್ಲಿ ನಿಂತರೂ ಅವಳು ಎದುರಿಗೇ ಇದ್ದಳು.

ಹೆಮ್ಮಿಗೆಯಲ್ಲಿ ಆಟೋ ಇಳಿದಾಗ ಹನ್ನೆರಡು ಗಂಟೆ. ಎರಡು ಕೈಗೂ ದೊಡ್ಡದಾದ ಡಬ್ಬವನ್ನು ತಬ್ಬಿಕೊಂಡು ಬೀದಿಯಲ್ಲಿ ನಡೆದ. ನಲ್ಲಿಯ ಹತ್ತಿರ ಇದ್ದ ಹೆಂಗಸರು, ಕವನನ ಗಂಡ ತೊಟ್ಲು ತಂದವ್ನೆ ಕಣ್ರೇ ಎಂದದ್ದು ಅವನ ಕಿವಿಗೆ ಬಿತ್ತು. ಅವನು ತಿದ್ದಲಿಲ್ಲ. ಅವನು ಮನೆ ಮುಟ್ಟುವುದಕ್ಕೆ ಮೊದಲೇ ಆ ಮಾತು ಮುಟ್ಟಿತ್ತು. ಅತ್ತೆ ಚಲುವಮ್ಮ ಬೇರೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಜಗಲಿಗೆ ಹೊಸ ಚಾಪೆ ಹಾಸಿತ್ತು. ಬಾಪ್ಪಾ ಎಂದವಳು ಅವನನ್ನು ದಾಟಿ ಬೀದಿಯ ಕಡೆ ನೋಡಿದಳು.

"ಒಬ್ರೇ ಬಂದ್ರಾ? ಇಂದ್ಗಡೆ ಯಾರಾರ ಬತ್ತಾವ್ರಾ?"

ಇಲ್ಲ, ಒಬ್ಬನೇ ಎಂದ. ಆದರೂ ಅವಳು ಒಂದು ಗಳಿಗೆ ಬೀದಿಯನ್ನೇ ನೋಡಿ, ಆಮೇಲೆ ಕಾಲಿಗೆ ನೀರು ಕೊಟ್ಟಳು.

ಮಾವ ಪುಟ್ಟಬಸವಯ್ಯ ಕುಡುಗೋಲು ತಂದು ಡಬ್ಬದ ಟೇಪು ಕೊಯ್ದರು. ಪಕ್ಕದ ಮನೆಯ ಇಬ್ಬರು ಹೆಂಗಸರು ಬಗ್ಗಿ ನೋಡುತ್ತಿದ್ದರು. ಥರ್ಮಾಕೋಲು ತೆಗೆದಾಗ ಕಪ್ಪನೆಯ ಮರದ ಅಡ್ಡಪೆಟ್ಟಿಗೆ ಹೊರಬಂತು. ಪುಟ್ಟಬಸವಯ್ಯ ಅದನ್ನು ತಿರುಗಿಸಿ, ಮುಂದಿನ ಬಟ್ಟೆಯ ಮೇಲೆ ಬೆರಳಾಡಿಸಿ ಕೇಳಿದರು:

"ಇದ್ರೊಳಗೆ ಮಗ ಎಂಗಪ್ಪ ಮಲಗ್ತದೆ?"

ನೆರೆಯವರು ಸೆರಗು ಬಾಯಿಗಿಟ್ಟು ನಕ್ಕರು. ಅದು ಸ್ಪೀಕರ್ ಎಂದು ಪ್ರೇಮ್ ವಿವರಿಸಿದ. ವಿವರಿಸಿದಷ್ಟೂ ಕೆಟ್ಟಿತು. ಚಲುವಮ್ಮ ಒಳಗೆ ಹೋಗಿ ಕೋಳಿ ಸಾರಿಗೆ ಖಾರ ರುಬ್ಬಲು ಶುರು ಮಾಡಿದಳು.

ಅಷ್ಟರಲ್ಲಿ ಕವನ ಹೊರಗೆ ಬಂದಳು. ಮಗು ಹೆಗಲ ಮೇಲಿತ್ತು. ಅವಳ ತಲೆಗೆ ಉಲ್ಲನ್ ಬಟ್ಟೆ ಬಿಗಿದಿದ್ದರು. ಬಾಣಂತಿಗೆ ಗಾಳಿ ಹೊಗಬಾರದೆಂದು ಎರಡು ಕಿವಿಗೂ ಹತ್ತಿ ಇಟ್ಟು, ಮೇಲೆ ಈ ಬಟ್ಟೆ. ಐದು ತಿಂಗಳಿಂದ ಅವಳು ಹೀಗೇ ಇದ್ದಳು. ಮುಖ ದುಂಡಗಾಗಿತ್ತು. ಅವನು ಮೆಲ್ಲಗೆ ಏನೋ ಹೇಳಿದ.

"ಆಂ?" ಎಂದಳು.

ಇನ್ನೊಮ್ಮೆ ಹೇಳಿದ. ಅವಳಿಗೆ ಕೇಳಲಿಲ್ಲ. ಒಳಗೆ ಅವಳ ಪಕ್ಕ ಕೂತು ಮೆಲ್ಲಗೆ ಹೇಳಬೇಕೆಂದು ನರಸೀಪುರದಿಂದ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತನ್ನು ಅವನು ಅತ್ತೆ, ಮಾವ, ನೆರೆಯವರ ಮುಂದೆ ಕೂಗಿ ಹೇಳಬೇಕಾಯಿತು.

"ನಿಂಗೇ ತಂದಿದ್ದು. ಎಡಗಡೆ ಕೂತ್ರೂ ನಡೂಕಿಂದ ಕೇಳ್ತದೆ."

ಪಕ್ಕದ ಮನೆಯವಳು ಇನ್ನೊಬ್ಬಳ ಕಡೆ ನೋಡಿದಳು. ಕವನ ಸ್ಪೀಕರನ್ನು ನೋಡಿದಳು, ಅವನನ್ನು ನೋಡಿದಳು. ಮಗುವನ್ನು ಅವನ ಕೈಗೆ ಕೊಟ್ಟಳು. ಮಗು ಅವನ ಅಂಗಿಯ ಗುಂಡಿ ಹಿಡಿದುಕೊಂಡಿತು. ಹೋದ ಸಲ ಬಂದಾಗ ಅದಕ್ಕೆ ಹಿಡಿಯಲು ಬರುತ್ತಿರಲಿಲ್ಲ.

ಊಟವಾದ ಮೇಲೆ ಚಲುವಮ್ಮ ಮಗುವಿಗೆ ನೀರು ಹಾಕಲು ಬಚ್ಚಲಿಗೆ ಎತ್ತಿಕೊಂಡು ಹೋದಳು. ಮಾವ ಜಗಲಿಯಲ್ಲಿ ಒರಗಿದ್ದರು. ಒಳಗೆ ಗಂಡ ಹೆಂಡತಿ ಇಬ್ಬರೇ ಆದರು. ಕವನ ಬಟ್ಟೆ ಸರಿಸಿ ಎಡಗಿವಿಯ ಹತ್ತಿ ತೆಗೆದಳು.

"ಮಂಗಳವಾರಕ್ಕೆ ಆರಕ್ಕೆ ಬೀಳ್ತದೆ. ಗೊತ್ತಾ ನಿಂಗೆ?"

ಅವನಿಗೆ ಗೊತ್ತಿರಲಿಲ್ಲ. ಬಾಣಂತಿಯನ್ನು ಬೆಸ ತಿಂಗಳಲ್ಲೇ ಕಳಿಸುವುದು. ಮೂರು, ಐದು, ಏಳು, ಒಂಬತ್ತು. ಸರಿ ತಿಂಗಳಲ್ಲಿ ಹೊಸ್ತಿಲು ದಾಟಿಸುವುದಿಲ್ಲ. ಅದಕ್ಕೂ ಮೊದಲು ಗಂಡನ ಮನೆ ಕಡೆಯಿಂದ ಒಬ್ಬ ಹೆಂಗಸು ಬಂದು, ನಮ್ಮ ಸೊಸೆಯನ್ನು ಕಳಿಸಿಕೊಡಿ ಎಂದು ಕರೆಯಬೇಕು. ಕರೆಯದೆ ಕಳಿಸಿದರೆ ಮಗಳನ್ನು ತಾವೇ ಹೊರಗೆ ತಳ್ಳಿದ ಹಾಗೆ. ಇದನ್ನೆಲ್ಲ ಅವಳು ಮೂರು ಮಾತಿನಲ್ಲಿ ಹೇಳಿದಳು. ತಿಂಗಳಿಂದ ಅವ್ವ ಪ್ರತಿ ಭಾನುವಾರ ಬೀದಿ ನೋಡುತ್ತಾಳೆ ಎಂದಳು.

"ನೀವೇ ಹೇಳ್ತೀರ ಅನ್ಕೊಂಡಿದ್ದೆ ಕಣೇ."

"ನೀನೇ ಕರೀತೀಯ ಅಂತ ನಾವು."

"ಫೋನಲ್ಲಿ ಹೇಳ್ಬೋದಿತ್ತಲ್ಲ."

"ಅವ್ವ ಪಕ್ಕದಲ್ಲೇ ಇರ್ತದೆ. ಐದ್ ತಿಂಗ್ಳು ಅದರ ನಿದ್ದೆ ಬಿಟ್ಟು ನನ್ನ ನೋಡ್ಕಂಡದೆ. ಅದರ ಮುಂದೆ ನಾನೇ ಓಯ್ತೀನಿ ಅಂತ ಎಂಗನ್ಲಿ?" ಅವಳು ಹತ್ತಿಯನ್ನು ಬೆರಳಲ್ಲಿ ಉರುಟುತ್ತಿದ್ದಳು. "ಹೇಳ್ದೆ. ಅತ್ತೆ ಇದ್ದಿದ್ರೆ ಅಂತ ನಿನ್ನೆ ಎರಡು ಸಲ ಹೇಳ್ದೆ. ಹೌದು ಹೌದು ಅಂದೆ ನೀನು."

ಪ್ರೇಮ್ ಎದ್ದು ಹಿತ್ತಿಲಿಗೆ ಹೋದ. ಬಚ್ಚಲ ಕಲ್ಲಿನ ಮೇಲೆ ಕಾಲು ಚಾಚಿ ಕೂತು ಚಲುವಮ್ಮ ಮಗುವಿನ ಬೆನ್ನಿಗೆ ಬಿಸಿನೀರು ಹೊಯ್ಯುತ್ತಿದ್ದಳು. ಅತ್ತೆ, ಕವನನ್ನ ಕರ್ಕೊಂಡು ಹೋಗೋಕೆ ಬಂದಿದ್ದೀನಿ, ಕಳಿಸಿಕೊಡಿ ಎಂದ. ಚಲುವಮ್ಮ ತಲೆ ಎತ್ತಲಿಲ್ಲ. ಗಂಡಸು ಒಬ್ಬನೇ ಬಂದು ಕರೆದರೆ ಕಳಿಸುವುದು ಹೇಗೆ, ಮಗುವನ್ನು ಎತ್ತಿಕೊಂಡು ಹೊಸ್ತಿಲು ದಾಟುವುದಕ್ಕೆ ಒಬ್ಬ ಹೆಂಗಸು ಬೇಡವೇ ಎಂದು ಮಗುವಿಗೆ ಹೇಳುವಂತೆ ಹೇಳಿದಳು.

ಜಗಲಿಯಿಂದ ಮಾವನ ದನಿ ಬಂತು. ನಾವು ಬುದ್ಧನ ಒಪ್ಕೊಂಡು ಹನ್ನೆರಡು ವರ್ಷ ಆಯ್ತು, ಇನ್ನೂ ಬೆಸ ಸರಿ ಅಂತ ಕೂತ್ಕಂಡವ್ಳೆ ಎಂದರು.

"ಬುದ್ಧ ಬಾಣಂತನ ಮಾಡಿದ್ನಾ?" ಎಂದಳು ಚಲುವಮ್ಮ. "ನೀವ್ ಮಾಡಿದ್ರಾ?"



ಚಲುವಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎದ್ದಳು. ಆಗ ಅವನ ಮುಖ ನೋಡಿದಳು. ಏನು ಕಂಡಿತೋ, ದನಿ ಸ್ವಲ್ಪ ತಗ್ಗಿತು. ನಾಳೆ ಸಂಜೆಯೊಳಗೆ ನಿಮ್ಮ ಕಡೆ ಒಬ್ಬ ಹೆಂಗಸನ್ನು ಕರೆದುಕೊಂಡು ಬನ್ನಿ, ಕಳಿಸುತ್ತೇನೆ, ಬಟ್ಟೆಬರೆ ಕಟ್ಟಿಟ್ಟಿರುತ್ತೇನೆ, ಇಲ್ಲದಿದ್ದರೆ ಏಳಕ್ಕೆ ನೋಡೋಣ ಎಂದಳು. ನಿಮ್ಮ ಚಿಕ್ಕವ್ವ ಹುಲ್ಲಹಳ್ಳಿಯಲ್ಲಿ ಇದ್ದಾರಲ್ಲ ಎಂದು ಅವಳೇ ನೆನಪು ಮಾಡಿದಳು.

ಸ್ಪೀಕರ್ ಹೆಮ್ಮಿಗೆಯಲ್ಲೇ ಉಳಿಯಿತು. ಅದನ್ನು ಹೊತ್ತುಕೊಂಡು ಹುಲ್ಲಹಳ್ಳಿಗೆ ಹೋಗಬೇಡ ಎಂದು ಕವನ ಹೇಳಿದಳು. ಆಟೋ ಹತ್ತುವಾಗ ಅವಳು ಬಾಗಿಲಲ್ಲಿ ನಿಂತಿದ್ದಳು. ಕಿವಿಗೆ ಮತ್ತೆ ಹತ್ತಿ ಇಟ್ಟಿದ್ದರು. ಅವನು ನಾಳೆ ಎಂದ. ಬಾಯಿ ನೋಡಿ ಅರ್ಥ ಮಾಡಿಕೊಂಡು ತಲೆಯಾಡಿಸಿದಳು.

ನರಸೀಪುರದಿಂದ ನಂಜನಗೂಡು, ಅಲ್ಲಿಂದ ಹುಲ್ಲಹಳ್ಳಿ ಬಸ್ಸು. ದಾರಿಯುದ್ದಕ್ಕೂ ನಾಲೆಗೆ ನೀರು ಬಿಟ್ಟಿದ್ದರು. ಗದ್ದೆಗಳಲ್ಲಿ ಕೆಸರು ಹದವಾಗಿತ್ತು. ಚಿಕ್ಕವ್ವ ಸಿದ್ದಲಿಂಗಮ್ಮನ ಜೊತೆ ಅವನು ಮಾತು ಬಿಟ್ಟು ಎಂಟು ತಿಂಗಳಾಗಿತ್ತು. ಕವನ ಬಸುರಿಯಾಗಿದ್ದಾಗ ಸಹಾಯಕ್ಕೆಂದು ಚಿಕ್ಕವ್ವ ನಂಜನಗೂಡಿಗೆ ಬಂದು ಇದ್ದಳು. ನಾಲ್ಕನೇ ದಿನ ನೀರು ತುಂಬಿದ ಚೊಂಬನ್ನು ರಿಸೀವರ್ ಮೇಲೆ ಇಟ್ಟಳು, ಅದರ ಪಕ್ಕ ತನ್ನ ಎಲೆಅಡಿಕೆ ಚೀಲ. ಪಾಳಿ ಮುಗಿಸಿ ಬಂದ ಪ್ರೇಮ್ ಅದನ್ನು ನೋಡಿ, ಇದು ನಿಮ್ಮನೆ ಜಗಲಿ ಅಲ್ಲ ಎಂದ. ಇಷ್ಟೇ ಅಂದದ್ದು. ದನಿ ಮಾತ್ರ ಹೆಚ್ಚಾಗಿತ್ತು. ಅವಳು ಚೀಲ ತೆಗೆದುಕೊಂಡು ಅದೇ ಸಂಜೆ ಬಸ್ ಹತ್ತಿದಳು. ಮಗು ಹುಟ್ಟಿದ ಸುದ್ದಿಯನ್ನು ಕವನಳೇ ಅವಳಿಗೆ ತಿಳಿಸಿದ್ದು.

ಅವನು ಹೋದಾಗ ಇನ್ನೂ ಬೆಳಕಿತ್ತು. ಸಿದ್ದಲಿಂಗಮ್ಮ ಮೊಣಕಾಲವರೆಗೆ ಕೆಸರು ಒಣಗಿದ ಕಾಲಿನಲ್ಲಿ ಬಾಗಿಲ ಕಲ್ಲಿನ ಮೇಲೆ ಕೂತಿದ್ದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಅವನು ಕೆಳಗಿನ ಮೆಟ್ಟಿಲ ಮೇಲೆ ಕೂತ. ಮೊದಲು ಅವತ್ತಿನ ಮಾತು ತಪ್ಪಾಯಿತು ಎಂದ. ಆಮೇಲೆ ಬಂದ ಕಾರಣ ಹೇಳಿದ, ಮಂಗಳವಾರದ ಲೆಕ್ಕ ಹೇಳಿದ, ನಾಳೆ ಒಂದು ದಿನ ಬಾ ಚಿಕ್ಕವ್ವ ಎಂದ. ಅವಳು ಪೂರ್ತಿ ಕೇಳಿಸಿಕೊಂಡಳು.

"ನಾಳೆ ಆಗಕಿಲ್ಲ ಕಣ್ಲಾ ಪ್ರೇಮ."

ಹನ್ನೆರಡು ಹೆಂಗಸರ ನಾಟಿ ಗುಂಪು ಅವಳದು. ಕೂಲಿಯ ಮಾತಾಡುವುದು, ಸಾಲು ಹಿಡಿಸುವುದು, ಮುಂದೆ ನಿಂತು ಹಾಡು ಶುರು ಮಾಡುವುದು ಎಲ್ಲ ಅವಳೇ. ನಾಳೆ ಎರಡು ಎಕರೆಗೆ ಒಪ್ಪಿಕೊಂಡಿದ್ದರು. ಇವತ್ತು ಸಸಿಮಡಿಯಿಂದ ಪೈರು ಕಿತ್ತು, ಕಟ್ಟು ಕಟ್ಟಿ, ಗದ್ದೆಯಲ್ಲಿ ಹರಡಿ ಬಂದಿದ್ದಾರೆ. ಕಿತ್ತ ಪೈರು ಕಾಯುವುದಿಲ್ಲ.

ನನ್ನ ಮೇಲಿನ ಸಿಟ್ಟಿಗಾ ಎಂದು ಅವನು ಕೇಳಿದ.

"ಸಿಟ್ಟು ಅದೆ. ಅದು ಬೇರೆ. ಸಿಟ್ಟಿಗಾಗಿದ್ರೆ ಬಂದು ಅಲ್ಲೇ ಬಯ್ತಿದ್ದೆ ನಿಂಗೆ." ಅವಳು ಕಾಲಿನ ಕೆಸರನ್ನು ಉಗುರಲ್ಲಿ ಕೆರೆದಳು. "ಒಂದ್ ವಾರ ಮುಂಚೆ ಬಂದಿದ್ರೆ ಪೈರು ಕೀಳೋದ್ನೇ ಇಂದಕ್ಕಾಕ್ತಿದ್ದೆ. ಎಲ್ಲೋಗಿದ್ದೆ?"

ಹೋದ ವಾರ ಈ ಹೊತ್ತಿಗೆ ಅವನು ಎರಡು ಸೆಂಟರ್ ಸ್ಪೀಕರ್‌ಗಳ ಹೋಲಿಕೆಯ ವೀಡಿಯೋ ನೋಡುತ್ತಿದ್ದ. ಅದಕ್ಕೂ ಹಿಂದಿನ ವಾರ ನಾಗೇಂದ್ರನ ಜೊತೆ ಮೈಸೂರಿಗೆ ಹೋಗಿ ಅಂಗಡಿಯಲ್ಲಿ ಸಬ್‌ವೂಫರ್ ಕೇಳಿಸಿಕೊಂಡು ಬಂದಿದ್ದ. ಪ್ರತಿ ಸಲವೂ ಅವಳು ಬಂದ ಮೇಲೆ ಹೇಗೆ ಕೇಳುತ್ತದೆ ಎಂದೇ ಯೋಚಿಸಿದ್ದ. ಅವಳನ್ನು ಬರಮಾಡಿಕೊಳ್ಳುವುದು ಒಂದು ಕೆಲಸ ಎಂದು ಯೋಚಿಸಿರಲಿಲ್ಲ.

ನಾಗೇಂದ್ರನ ಹೆಂಡತಿಯನ್ನು ಕರೆದುಕೊಂಡು ಹೋದರೆ ಆಗುತ್ತದೆಯೇ ಎಂದು ಕೇಳಿದ. ಚಿಕ್ಕವ್ವ ಮೊದಲ ಸಲ ನಕ್ಕಳು. ಅವಳು ಕರೆದರೆ ಕವನ ನಾಗೇಂದ್ರನ ಮನೆ ಸೊಸೆ ಎಂದ ಹಾಗೆ ಆಗುತ್ತದೆ ಎಂದಳು. ಏಳನೇ ತಿಂಗಳು ಬೀಳಲಿ, ಮೊದಲನೇ ದಿನವೇ ನಾನು ಬರುತ್ತೇನೆ, ಈಗಲೇ ಹೇಳಿದ್ದೀನಿ ಅಂತ ಚಲುವಮ್ಮನಿಗೆ ತಿಳಿಸು ಎಂದಳು. ಮುದ್ದೆ ಉಂಡ್ಕಂಡು ಹೋಗುವಂತೆ ಎಂದು ಒಳಗೆ ಎದ್ದು ಹೋದಳು.

ಅವನು ಮೆಟ್ಟಿಲ ಮೇಲೆ ಕೂತೇ ಕವನಳಿಗೆ ಫೋನ್ ಮಾಡಿದ. ಒಂದೇ ರಿಂಗಿಗೆ ಎತ್ತಿದಳು. ಕಿವಿಯ ಹತ್ತಿ ತೆಗೆದು ಕಾದು ಕೂತಿದ್ದಳೆಂದು ಕಾಣುತ್ತದೆ. ಚಿಕ್ಕವ್ವ ನಾಳೆ ಬರುವುದಕ್ಕೆ ಆಗುವುದಿಲ್ಲ, ನಾಟಿ ಇದೆ, ಏಳಕ್ಕೆ ಖಂಡಿತ ಬರುತ್ತಾಳೆ ಎಂದ. ಬಟ್ಟೆ ಕಟ್ಟಿಟ್ಟಿದ್ಯಾ ಎಂದು ಕೇಳಿದ. ಅವ್ವ ಕಟ್ಟಿತ್ತು, ಬಿಚ್ಚುತ್ತದೆ ಬಿಡು ಎಂದಳು.

"ಊಟ ಆಯ್ತಾ?"

"ಚಿಕ್ಕವ್ವ ಇಕ್ತಾ ಅದೆ."

"ಉಂಡ್ಕಂಡೇ ಓಗು."

ಇಬ್ಬರೂ ಫೋನ್ ಇಡಲಿಲ್ಲ. ಹೆಮ್ಮಿಗೆಯ ಮನೆಯ ಸದ್ದುಗಳೆಲ್ಲ ಫೋನಿನಲ್ಲಿ ಬರುತ್ತಿದ್ದವು. ಪಾತ್ರೆಯ ಸದ್ದು, ಮಾವ ಕೆಮ್ಮಿದ್ದು, ಅತ್ತೆ ಯಾರಿಗೋ ಏನೋ ಹೇಳಿದ್ದು, ಒಂದು ದನ. ಮನೆಯಲ್ಲಿ ನಿಂತಿದ್ದರೆ ಅವನು ಕಣ್ಣು ಮುಚ್ಚಿ ಹೇಳುತ್ತಿದ್ದ, ಒಲೆ ಬಲಕ್ಕೆ, ಜಗಲಿ ಹಿಂದಕ್ಕೆ, ಕೊಟ್ಟಿಗೆ ದೂರ. ಫೋನಿಗೆ ಇರುವುದು ಒಂದು ತೂತು. ಎಲ್ಲವೂ ಅದರಲ್ಲೇ ಒಂದರ ಮೇಲೊಂದು ಬಂದು ಅವನ ಕಿವಿಗೆ ಒತ್ತುತ್ತಿದ್ದವು. ಯಾವುದು ಹತ್ತಿರ, ಯಾವುದು ದೂರ ಎಂದು ಗೊತ್ತಾಗುತ್ತಿರಲಿಲ್ಲ. ಅವುಗಳ ನಡುವೆ ಮಗು ಗುರ್ ಎಂದು ದನಿ ತೆಗೆಯಿತು. ಬಹಳ ಹತ್ತಿರ ಕೇಳಿತು, ಅವಳ ಬಾಯಿಯ ಪಕ್ಕದಲ್ಲೇ ಇದ್ದ ಹಾಗೆ. ಅವನು ಫೋನನ್ನು ಇನ್ನೂ ಗಟ್ಟಿಯಾಗಿ ಹಿಡಿದ.

"ಮಗ ನಿನ್ನ ಮಡ್ಲಲ್ಲಿದ್ಯಾ?" ಎಂದು ಕೇಳಿದ.

"ಇಲ್ಲ," ಎಂದಳು ಕವನ. "ಆಚೆ ಅದೆ. ನಮ್ಮಪ್ಪನ ತಾವ."